ಹದಿನೇಳನೇ ನಿಯಮದ ಕೊನೆಯ ಸಾಲು

ಪುಣೆ
14 ಜೂನ್ 2023

ಚಲುವರಾಜು ಸರ್ ಅವರಿಗೆ ನಮಸ್ಕಾರಗಳು.

ನಿಮಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಕಮಲಮ್ಮನವರು ಎತ್ತಿ, "ಅವ್ರಿಗೆ ಈಗ ಎರಡು ಕಿವೀನೂ ಕೇಳ್ಸಲ್ಲ ಕಣಮ್ಮ. ಮೆಷಿನ್ ತಂದ್ಕೊಟ್ರೆ ಡ್ರಾಯರ್‌ನಲ್ಲಿ ಇಟ್ಬಿಟ್ಟಿದಾರೆ. ನೀನು ಕಾಗದ ಬರಿ, ಓದ್ತಾರೆ" ಎಂದರು. ಹಾಗಾಗಿ ಕಾಗದ. ನನ್ನ ಅಕ್ಷರ ನಿಮಗೆ ಗೊತ್ತೇ ಇದೆ, ಸಹಿಸಿಕೊಳ್ಳಿ.

ನೀವು ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ಭೂಕಂಪ ಸುರಕ್ಷತಾ ಕೋಶದಲ್ಲಿ ನಿಮ್ಮ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಕೋಶ ಎಂದರೆ ನಾನು, ಟೈಪಿಸ್ಟ್ ಸ್ವಪ್ನಿಲ್, ಒಂದು ಪ್ರಿಂಟರ್. ಪ್ರಿಂಟರ್ ಸೋಮವಾರ ಕೆಲಸ ಮಾಡುವುದಿಲ್ಲ.

2010ರಲ್ಲಿ ನೀವು ಬರೆದ ಕಟ್ಟಡ ಸುರಕ್ಷತಾ ನಿಯಮಗಳ ಪರಿಷ್ಕರಣೆ ಕೊನೆಗೂ ಶುರುವಾಗಿದೆ. ನಾನು ಮೇಲಿನವರನ್ನು ಕೇಳುತ್ತಿರುವುದು ಒಂದೇ. ಹದಿನೇಳನೇ ನಿಯಮದ ಕೊನೆಯ ಸಾಲನ್ನು ತೆಗೆದುಹಾಕಿ. ನಿಮಗೆ ನೆನಪಿರಬಹುದು: 'ಮೂರು ಅಂತಸ್ತಿನವರೆಗಿನ ಇಟ್ಟಿಗೆ ಗೋಡೆಯ ಕಟ್ಟಡಗಳಲ್ಲಿ ಒಳಗೋಡೆ ತೆಗೆಯಲು ಎಂಜಿನಿಯರರ ತಪಾಸಣೆ ಬೇಕಿಲ್ಲ.' ಅಂಥ ಕಟ್ಟಡದಲ್ಲಿ ಕಂಬವೇ ಇರುವುದಿಲ್ಲ, ಗೋಡೆಯೇ ಎಲ್ಲವನ್ನೂ ಹೊರುತ್ತದೆ. ತಪಾಸಣೆ ಯಾವುದಕ್ಕೆ ಬೇಕೇ ಬೇಕೋ ಅದಕ್ಕೇ ಬೇಡ ಎಂದಿದೆ. ಮೊದಲ ವರ್ಷದ ವಿದ್ಯಾರ್ಥಿಯೂ ಹೀಗೆ ಬರೆಯಲಾರ. ಆದರೂ ಹದಿಮೂರು ವರ್ಷದಿಂದ ಇದು ಕಾನೂನು.

ಫೈಲು ಐದು ಸಲ ಮೇಲೆ ಹೋಗಿ ಐದು ಸಲ ಕೆಳಗೆ ಬಂದಿದೆ. ಪ್ರತಿ ಸಲವೂ ಅಂಚಿನಲ್ಲಿ ದೊಡ್ಡ ಸಾಹೇಬರ ಎರಡು ಶಬ್ದ: 'ಚರ್ಚಾ ಕರಾವೀ'. ಚರ್ಚಿಸೋಣ ಎಂದು ಹೋದರೆ ಸಾಹೇಬರು ಮೀಟಿಂಗ್‌ನಲ್ಲಿರುತ್ತಾರೆ. ಕಳೆದ ವಾರ ಹೇಗೋ ಸಿಕ್ಕರು. "ಮ್ಯಾಡಮ್, ಕುಣೀ ಉಗಾಚ್ ಲಿಹಿತ್ ನಾಹೀ" ಎಂದರು. ಯಾರೂ ಸುಮ್ಮಸುಮ್ಮನೆ ಬರೆಯುವುದಿಲ್ಲವಂತೆ. ಆ ಸಾಲು ಯಾಕೆ ಬಂತೆಂದು ಮೊದಲು ಹೇಳಬೇಕು, ಆಮೇಲೆ ಯಾಕೆ ತೆಗೆಯಬೇಕೆಂದು ಹೇಳಬೇಕು. ಹಳೆಯ ಫೈಲಿನ ನೂರಾ ನಲವತ್ತು ಪುಟಗಳನ್ನೂ ಓದಿದೆ. ಎಲ್ಲ ನಿಯಮಕ್ಕೂ ಕಾರಣವಿದೆ, ಈ ಸಾಲಿಗೆ ಮಾತ್ರ ಇಲ್ಲ. ಕರಡು ನಿಮ್ಮದು ಸರ್. ಇದನ್ನು ಯಾರು ಸೇರಿಸಿದರು, ಯಾಕೆ?

ಅವಸರಕ್ಕೆ ಮನೆಯ ಕಾರಣವೂ ಇದೆ. ನನ್ನ ಅಣ್ಣ ಸುಂದರ ಗೊತ್ತಲ್ಲ, ಭೋಸರಿಯಲ್ಲಿ ಹೋಟೆಲ್ ಇಟ್ಟಿರುವವನು, ನಿಮಗೆ ಗೋಳಿಬಜೆ ಕಟ್ಟಿಸಿಕೊಡುತ್ತಿದ್ದವನು. ಕಟ್ಟಡ ಅವನದೇ, ಮೂರಂತಸ್ತು, ಪೂರ್ತಿ ಇಟ್ಟಿಗೆ. ಮೇಲೆ ಮೂರು ಸಂಸಾರ ಬಾಡಿಗೆಗಿವೆ. ಕೆಳಗೆ ಹೋಟೆಲಿನ ಪಕ್ಕದ ಮಳಿಗೆಯಲ್ಲಿದ್ದ ಪ್ರಿಂಟಿಂಗ್ ಪ್ರೆಸ್ಸಿನವನು ಖಾಲಿ ಮಾಡಿದ್ದಾನೆ. ಅಣ್ಣ ಎರಡು ಮಳಿಗೆಗಳ ನಡುವಿನ ಗೋಡೆ ಒಡೆದು ಒಂದೇ ಹಾಲ್ ಮಾಡುತ್ತಾನಂತೆ. ನಾನು ಬೇಡವೆಂದೆ. ಗಲ್ಲಾಪೆಟ್ಟಿಗೆ ಕೆಳಗಿನಿಂದ ನಿಯಮದ ಪುಸ್ತಕ ತೆಗೆದ. ಹದಿನೇಳನೇ ನಿಯಮಕ್ಕೆ ಹೋಟೆಲ್ ಬಿಲ್ಲಿನ ಗುರುತು ಇಟ್ಟುಕೊಂಡಿದ್ದಾನೆ. "ನಿನ್ನ ಆಫೀಸಿನ ಪುಸ್ತಕದಲ್ಲೇ ಉಂಟಲ್ಲ ಮಾರಾಯ್ತಿ, ಬೇಡ ಅನ್ಲಿಕ್ಕೆ ನೀನ್ಯಾರು?" ಎಂದ.

ಬೇಗ ಬರೆಯಿರಿ ಸರ್.

ನಿಮ್ಮ
ಜ್ಯೋತ್ಸ್ನಾ


ಮೈಸೂರು
9 ಜುಲೈ 2023

ಚಿ. ಜ್ಯೋತ್ಸ್ನಾಳಿಗೆ ಆಶೀರ್ವಾದಗಳು.

ಕಾಗದ ಬಂದು ಬಹಳ ಸಂತೋಷವಾಯಿತು. ಕಿವಿ ಹೋದದ್ದರಿಂದ ನಷ್ಟವೇನೂ ಆಗಿಲ್ಲ. ಕಮಲಮ್ಮ ಬೈಯುವಾಗ ಮುಖ ನೋಡಿಕೊಂಡು ಕೂತಿರುತ್ತೇನೆ, ಅವಳು ಇನ್ನಷ್ಟು ಬೈಯುತ್ತಾಳೆ. ಅವಳ ಮಂಡಿ ಆಪರೇಷನ್ ಚೆನ್ನಾಗಿ ಆಯಿತು.

ನಮ್ಮ ಬಡಾವಣೆಯಲ್ಲಿ ನಾಲ್ಕು ಮನೆ ಏಳುತ್ತಿವೆ. ಬೆಳಿಗ್ಗೆ ವಾಕಿಂಗ್ ಹೋದಾಗ ಕಂಬದ ಕಂಬಿಗಳಿಗೆ ಕಟ್ಟುವ ರಿಂಗ್‌ಗಳ ಅಂತರವನ್ನು ಊರುಗೋಲಿನಿಂದ ಅಳೆಯುತ್ತೇನೆ. ಕೋಲಿಗೆ ಗುರುತು ಹಾಕಿಕೊಂಡಿದ್ದೇನೆ. ಮೇಸ್ತ್ರಿಗಳು ನನ್ನನ್ನು ಕಂಡರೆ ಟೀ ಕುಡಿಯಲು ಹೊರಟುಬಿಡುತ್ತಾರೆ. ಒಬ್ಬ ಮಾತ್ರ ನಿಂತು ಕೇಳಿಸಿಕೊಂಡು, ಒಂದು ಕಂಬದ ರಿಂಗ್‌ಗಳನ್ನು ಬಿಚ್ಚಿ ಹತ್ತಿರ ಹತ್ತಿರ ಕಟ್ಟಿದ. ಅವನಿಗೆ ಮೈಸೂರು ಪಾಕ್ ತೆಗೆದುಕೊಂಡು ಹೋಗಿ ಕೊಟ್ಟೆ.

ನೀನು ಕೇಳಿದ ಸಾಲಿನ ವಿಷಯ. ಹದಿಮೂರು ವರ್ಷದ ಹಿಂದಿನ ಮಾತು ಕಣಮ್ಮ. ಸಮಿತಿಯಲ್ಲಿ ಒಂಬತ್ತು ಜನ ಇದ್ದೆವು, ಒಬ್ಬೊಬ್ಬರದು ಒಂದೊಂದು ತಕರಾರು. ಯಾವುದು ಎಲ್ಲಿಂದ ಬಂತೋ ಈಗ ನೆನಪಾಗುತ್ತಿಲ್ಲ. ಕಾರಣ ಹುಡುಕುತ್ತಾ ಕೂರಬೇಡ. ಅಂಕಿ ಅಂಶ ಕೊಡು. ಎಷ್ಟು ಕಟ್ಟಡಗಳಲ್ಲಿ ಹೀಗೆ ಗೋಡೆ ಹೋಗಿದೆ ಎಂದು ಎಣಿಸಿ ತೋರಿಸಿದರೆ ಸಾಹೇಬರು ಬಗ್ಗಲೇಬೇಕು.

ಸುಂದರನಿಗೆ ನನ್ನ ನೆನಪು ಹೇಳು. ಸ್ವಲ್ಪ ತಡೆಯಲು ಹೇಳು.

ಇತಿ,
ಚಲುವರಾಜು


ಪುಣೆ
2 ಅಕ್ಟೋಬರ್ 2023

ಸರ್,

ನೀವು ಹೇಳಿದಂತೆಯೇ ಎಣಿಸಿದೆ. ಹನ್ನೊಂದು ಶನಿವಾರ ನಾನು, ಸ್ವಪ್ನಿಲ್, ಅವನ ಬೈಕು. ಭೋಸರಿ, ಖಡಕಿ, ಹಳೆಯ ಪೇಠೆಗಳು. 212 ಇಟ್ಟಿಗೆ ಕಟ್ಟಡಗಳಲ್ಲಿ 61ರಲ್ಲಿ ಕೆಳಗಿನ ಒಳಗೋಡೆಗಳು ಮಾಯ. ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ, ಒಂದು ಕಡೆ ಮಕ್ಕಳ ಟ್ಯೂಷನ್ ಕ್ಲಾಸು. ಕೇಳಿದವರೆಲ್ಲ ಹದಿನೇಳನೇ ನಿಯಮವನ್ನು ಬಾಯಿಪಾಠ ಒಪ್ಪಿಸಿದರು. ನಾವು ಜನರಿಗೆ ಕಲಿಸಲು ಸಾಧ್ಯವಾದ ಏಕೈಕ ನಿಯಮ ಅದು.

ಅಣ್ಣನ ಕಟ್ಟಡಕ್ಕೂ ಹೋಗಿ ಎಲ್ಲ ಅಂತಸ್ತುಗಳ ನಕ್ಷೆ ಬರೆದುಕೊಂಡೆ. ಮೊದಲ ಮಹಡಿಯಲ್ಲಿ ನಾಗವ್ವ ಎಂಬವರಿದ್ದಾರೆ. ಇಂಡಿ ಕಡೆಯವರು, ಮಗ ಸೊಸೆ ಇಬ್ಬರೂ ಫ್ಯಾಕ್ಟರಿಗೆ ಹೋಗುತ್ತಾರೆ. ಗೋಡೆ ಹೋದರೆ ಏನಾಗುತ್ತದೆಂದು ಅರ್ಧ ಗಂಟೆ ವಿವರಿಸಿದೆ. ನನ್ನ ಅಳತೆ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೇ ಕೇಳಿದರು. ಕೊನೆಗೆ, "ನೀವು ಹೇಳೂದು ಖರೇ ಇರಬೇಕ್ರಿ ಬಾಯಿ. ಆದ್ರ ನಿಮ್ಮ ಅಣ್ಣಾರು ಸರಕಾರದ ಪರವಾನಗಿ ಅದ ಅಂತಾರ. ಸರಕಾರ ನೀವೋ, ಅವರೋ?" ಎಂದು ಕೇಳಿದರು.

ಈಗ ನನ್ನ ದಡ್ಡತನ ಕೇಳಿ. ವರದಿಯಲ್ಲಿ ಅಂಕಿಗಳ ಮೊದಲು ಒಂದು ಪ್ಯಾರಾ ಬರೆದೆ. ಕಾರಣ ಬೇಕು, ಕಾರಣ ಬೇಕು ಎನ್ನುತ್ತಿದ್ದರಲ್ಲ, ಕೊಟ್ಟೆ. '2010ರಲ್ಲಿ ಎಂಜಿನಿಯರರು ಕಡಿಮೆಯಿದ್ದು, ಸಣ್ಣ ಮಾಲೀಕರಿಗೆ ಹೊರೆಯಾಗಬಾರದೆಂಬ ಕಾಳಜಿಯಿಂದ ಅಂದಿನ ಕೋಶದ ಮುಖ್ಯಸ್ಥರು ಈ ವಿನಾಯಿತಿ ನೀಡಿರಬಹುದು. ಇಂದು ಆ ಪರಿಸ್ಥಿತಿ ಇಲ್ಲ.' ನಿಮ್ಮನ್ನು ಬಲ್ಲವಳಾಗಿ, ನೀವು ಹೀಗೇ ಯೋಚಿಸಿರುತ್ತೀರಿ ಅನ್ನಿಸಿತು. ಬೇರೆ ಏನು ಕಾರಣವಿರಲು ಸಾಧ್ಯ?

ಸಾಹೇಬರು ಮೊದಲ ವಾಕ್ಯದ ಅಡಿಗೆ ಕೆಂಪು ಗೆರೆ ಎಳೆದರು. ಪಕ್ಕದಲ್ಲಿ, 'ಉದ್ದೇಶ ಉತ್ತಮ. ಸಣ್ಣ ಮಾಲೀಕರ ಹಿತದಿಂದ ಮುಂದುವರಿಸಬಹುದು.' ಹದಿಮೂರು ವರ್ಷ ಅನಾಥವಾಗಿದ್ದ ಸಾಲಿಗೆ ಈಗ ಒಂದು ಘನವಾದ ಉದ್ದೇಶವಿದೆ, ನನ್ನ ಸಹಿಯಲ್ಲಿ. 61 ಕಟ್ಟಡಗಳ ಪುಟವನ್ನು ಅವರು ತಿರುವಿಯೂ ನೋಡಿಲ್ಲ, ಪಿನ್ನು ಹಾಗೇ ಇದೆ.

ನನಗೆ ನನ್ನ ಮೇಲೇ ಸಿಟ್ಟು ಬಂದಿದೆ. ನಿಜವಾದ ಕಾರಣ ನಿಮಗೆ ನೆನಪಾದರೆ ಈಗಲೂ ಸರಿಪಡಿಸಬಹುದು.

ಜ್ಯೋತ್ಸ್ನಾ


ಮೈಸೂರು
5 ನವೆಂಬರ್ 2023

ಚಿ. ಜ್ಯೋತ್ಸ್ನಾಳಿಗೆ,

ನನ್ನ ಹೆಸರಿನಲ್ಲಿ ನೀನು ಆ ಕಾರಣ ಬರೆಯಬಾರದಿತ್ತು. ಗೊತ್ತಿಲ್ಲದ್ದನ್ನು ಫೈಲಿನಲ್ಲಿ ಬರೆಯಬಾರದೆಂದು ನಾನು ನಿನಗೆ ಕಲಿಸಿರಲಿಲ್ಲವೇ?

ಹದಿನೈದು ವರ್ಷ ಆ ಆಫೀಸಿನಲ್ಲಿ ಸವೆದಿದ್ದೀಯ. ನಿನ್ನಂಥವಳಿಗೆ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಾದರೂ ಕೆಲಸ ಸಿಗುತ್ತದೆ. ಮಕ್ಕಳಿಗೆ ಪಾಠ ಹೇಳು. ಒಂದು ಸಾಲಿಗಾಗಿ ಆರೋಗ್ಯ ಕೆಡಿಸಿಕೊಳ್ಳಬೇಡ.

ಇಲ್ಲಿ ಚಳಿ ಶುರುವಾಗಿದೆ.

ಚಲುವರಾಜು


ಪುಣೆ
20 ಜನವರಿ 2024

ಸರ್,

ನಿಮ್ಮ ಕಾಗದ ಓದಿ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆದಿದ್ದರೆ ಕೆಟ್ಟದಾಗಿ ಬರೆಯುತ್ತಿದ್ದೆ. ನನ್ನ ತಪ್ಪಿಗೆ ಬೈದಿರಿ, ಸರಿ. ಬಿಟ್ಟು ಹೋಗು ಎಂದಿರಲ್ಲ, ಅದು ನಿಮ್ಮ ಬಾಯಿಂದ ಬರುವ ಮಾತಲ್ಲ. ವಯಸ್ಸಾದ ಮೇಲೆ ಹೆದರಿಕೆ ಬರುತ್ತದೆಂದು ಸಮಾಧಾನ ಮಾಡಿಕೊಂಡೆ.

ಅಣ್ಣ ಗೋಡೆ ಒಡೆದ. ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಎಂಟಕ್ಕೆ ನಾನು ಹೋಗುವಷ್ಟರಲ್ಲಿ ಮುಕ್ಕಾಲು ಹೋಗಿತ್ತು. ಮೇಲಕ್ಕೆ ಎರಡು ಕಬ್ಬಿಣದ ಗರ್ಡರ್ ಕೊಟ್ಟಿದ್ದಾರೆ. "ಗರ್ಡರ್ ಹಾಕಿದ್ದೇವಲ್ಲ, ಇನ್ನೆಂತ ಹೆದರಿಕೆ?" ಎಂದ. ಗರ್ಡರ್ ಮೇಲಿನ ಭಾರ ಹೊರುತ್ತದೆ ಅಣ್ಣ, ನೆಲ ಅಡ್ಡಡ್ಡ ಅಲುಗಿದಾಗ ಕಟ್ಟಡವನ್ನು ಹಿಡಿದಿಡುತ್ತಿದ್ದದ್ದು ಆ ಗೋಡೆ ಎಂದೆ. ಕೆಲಸದವರೆದುರು ಹೇಳಿದ್ದು ಅವನಿಗೆ ಅವಮಾನವಾಯಿತು. "ನೀನು ಅಷ್ಟು ಓದಿದವಳು, ನಿನಗೆ ಒಂದು ಸಾಲು ಅಳಿಸ್ಲಿಕ್ಕೆ ಆಗ್ಲಿಲ್ಲ. ನನಗೆ ಬುದ್ಧಿ ಹೇಳ್ಬೇಡ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ?

ಕೊನೆಯ ಕರಡಿಗೆ ನಿಮ್ಮ ದೃಷ್ಟಿಬೊಟ್ಟು ಇಟ್ಟು ಕಳಿಸಿದ್ದೆ. ನೆನಪಿದೆಯೇ? ನಾನು ಕೆಲಸಕ್ಕೆ ಸೇರಿದ ವರ್ಷ ಕಲಿಸಿದ್ದಿರಿ. ಸಾಹೇಬರಿಗೆ ಏನಾದರೊಂದನ್ನು ಹೊಡೆದುಹಾಕದಿದ್ದರೆ ಸಮಾಧಾನವಿಲ್ಲ. ಆದ್ದರಿಂದ ಮಗುವಿನ ಕೆನ್ನೆಗೆ ಕಪ್ಪು ಇಟ್ಟಂತೆ ಕರಡಿನಲ್ಲಿ ಬೇಕೆಂದೇ ಒಂದು ಎದ್ದು ಕಾಣುವ ತಪ್ಪು ಇಡಬೇಕು. ಅವರು ಅದನ್ನು ಹೊಡೆದು, ಮಿಕ್ಕದ್ದಕ್ಕೆ ಸಹಿ ಹಾಕುತ್ತಾರೆ. ನಾನು ಇಟ್ಟದ್ದು: 'ಪ್ರತಿ ಹೋಟೆಲಿನ ಮುಂದೆ ಆರಡಿ ನಾಲ್ಕಡಿಯ ಭೂಕಂಪ ಎಚ್ಚರಿಕೆ ಫಲಕ ಹಾಕತಕ್ಕದ್ದು.' ಸಾಹೇಬರಿಗೆ ಫಲಕ ಬಹಳ ಇಷ್ಟವಾಯಿತು. ಅದನ್ನು ಉಳಿಸಿ, ಹದಿನೇಳರ ತಿದ್ದುಪಡಿಯನ್ನು ಹೊಡೆದರು. ಇನ್ನು ಅಣ್ಣನ ಹೊಸ ಹಾಲ್‌ನಲ್ಲಿ ಗೋಡೆ ಇಲ್ಲದಿದ್ದರೂ ನಡೆಯುತ್ತದೆ, ಫಲಕ ಇರಲೇಬೇಕು.

ನಿಮ್ಮ ಉಪಾಯ ಹಳೆಯದಾಯಿತು ಸರ್.

ಜ್ಯೋತ್ಸ್ನಾ


ಪುಣೆ
26 ಫೆಬ್ರವರಿ 2024

ಸರ್,

ಕಾಗದ ತಲುಪಿತೇ? ಸಿಟ್ಟಿನಲ್ಲಿ ಹೆಚ್ಚು ಬರೆದಿದ್ದರೆ ಕ್ಷಮಿಸಿ. ಕಮಲಮ್ಮನವರಿಗೆ ಫೋನ್ ಮಾಡಿದೆ. ನೀವು ಊಟ ಸರಿಯಾಗಿ ಮಾಡುತ್ತಿಲ್ಲ ಎಂದರು. ಪರಿಷ್ಕೃತ ನಿಯಮಗಳು ಜೂನ್ ಕೊನೆಗೆ ಪ್ರಕಟವಾಗುತ್ತವೆ. ಅದಾದರೆ ಇನ್ನು ಹತ್ತು ವರ್ಷ ಯಾರೂ ಪುಸ್ತಕ ಮುಟ್ಟುವುದಿಲ್ಲ.

ಜ್ಯೋತ್ಸ್ನಾ


ಮೈಸೂರು
18 ಮಾರ್ಚ್ 2024

ಜ್ಯೋತ್ಸ್ನಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಈಗ ನೇರವಾಗಿ ಹೇಳಿಬಿಡುತ್ತೇನೆ. ಹದಿನೇಳನೇ ನಿಯಮದ ಕೊನೆಯ ಸಾಲು ನನ್ನ ದೃಷ್ಟಿಬೊಟ್ಟು.

ಆಗಿನ ಸಾಹೇಬರಿಗೆ ನಿಯಮಗಳು ಕಠಿಣವಾದವೆಂಬ ಅಸಮಾಧಾನವಿತ್ತು. ಹೊಡೆಯಲು ಏನಾದರೊಂದನ್ನು ಕೊಡಬೇಕಿತ್ತು. ಕಣ್ಣಿಗೆ ರಾಚುವಷ್ಟು ತಪ್ಪಾಗಿರಲಿ ಎಂದು ಆ ಸಾಲನ್ನು ನಾನೇ ಟೈಪ್ ಮಾಡಿದೆ. ಅವರೂ ಎಂಜಿನಿಯರ್, ನೋಡಿದ ಕೂಡಲೇ ಹೊಡೆಯುತ್ತಿದ್ದರು. ಫೈಲು ಅವರ ಮೇಜಿಗೆ ಹೋದ ದಿನವೇ ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಬಾಕಿಯಿದ್ದ ಫೈಲುಗಳಿಗೆಲ್ಲ ಒಂದೇ ಮಧ್ಯಾಹ್ನ ಸಹಿ ಹಾಕಿದರು. ಒಂದಕ್ಷರವನ್ನೂ ಹೊಡೆಯಲಿಲ್ಲ.

ಅಚ್ಚಾದ ಪುಸ್ತಕ ಬಂದಾಗ ಆ ಸಾಲು ಅದರಲ್ಲಿ ಹಾಗೇ ಇತ್ತು. ಒಂದು ತಿದ್ದುಪಡಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ತಪ್ಪು ಹೇಗೆ ಬಂತೆಂದು ಕೇಳುತ್ತಾರೆ. ಬೇಕೆಂದೇ ಬರೆದೆ ಎಂದರೆ ವಿಚಾರಣೆ. ನಿವೃತ್ತಿಗೆ ಎರಡು ವರ್ಷವಿತ್ತು. ಮುಂದಿನ ಪರಿಷ್ಕರಣೆಯಲ್ಲಿ ತಾನೇ ಹೋಗುತ್ತದೆ, ಯಾರಾದರೂ ನೋಡಿಯೇ ನೋಡುತ್ತಾರೆ ಎಂದುಕೊಂಡೆ. ನೀನು ನೋಡಿದೆ. ನೋಡಿ ನನ್ನನ್ನೇ ಕೇಳಿದೆ, ನಾನು ನೆನಪಿಲ್ಲ ಎಂದೆ. ಎಲ್ಲ ನೆನಪಿತ್ತು ಕಣಮ್ಮ. ಅವತ್ತು ನಾನು ಹಾಕಿದ್ದ ಅಂಗಿಯೂ ನೆನಪಿದೆ.

ನೀನು ನನ್ನನ್ನು ಒಳ್ಳೆಯವನೆಂದುಕೊಂಡು ಬರೆದ ಆ ಪ್ಯಾರಾ ಇದೆಯಲ್ಲ, ಅದನ್ನು ಓದಿದ ದಿನ ನನಗೆ ನಿನ್ನ ಮೇಲೆ ಸಿಟ್ಟು ಬಂತು. ನಾಚಿಕೆ ಆಗಬೇಕಾದಲ್ಲಿ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ನಿನಗೆ ಕೆಲಸ ಬಿಡು ಎಂದೆ.

ಸಾಹೇಬರಿಗೆ ಕಾರಣ ಬೇಕಲ್ಲವೇ? ಇದೇ ಕಾರಣ. ಈ ಕಾಗದವನ್ನು ಫೈಲಿಗೆ ಸೇರಿಸು. ಪ್ರತಿ ಪುಟಕ್ಕೂ ಸಹಿ ಮಾಡಿದ್ದೇನೆ. ಕಮಲಮ್ಮನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವಳು ಏನೋ ಅಂದಳು. ಕೇಳಿಸಲಿಲ್ಲ, ಬರೆದು ತೋರಿಸು ಎಂದರೆ ಬರೆಯಲಿಲ್ಲ.

ಚಲುವರಾಜು


ಪುಣೆ
3 ಜುಲೈ 2024

ಸರ್,

ಮೂರೂವರೆ ತಿಂಗಳಾಯಿತು. ನಿಮಗೆ ಬರೆಯಲು ಮನಸ್ಸಾಗಲಿಲ್ಲ, ಬೇಕೆಂದೇ ಬರೆಯಲಿಲ್ಲ. ನೀವು ದಾರಿ ನೋಡುತ್ತಿರುತ್ತೀರಿ ಎಂದು ಗೊತ್ತಿತ್ತು. ನೋಡಲಿ ಎಂದುಕೊಂಡೆ.

ನಿಮ್ಮ ಕಾಗದವನ್ನು ಮರಾಠಿಗೆ ಅನುವಾದಿಸಿ ಫೈಲಿಗೆ ಹಾಕಿದೆ. ಅನುವಾದ ನಾನೇ ಮಾಡಿದೆ, ಒಂದು ಶಬ್ದವನ್ನೂ ಮೆತ್ತಗೆ ಮಾಡಲಿಲ್ಲ. ಸಾಹೇಬರು ನಿಂತುಕೊಂಡೇ ಓದಿದರು. ಕೂತು ಇನ್ನೊಮ್ಮೆ ಓದಿದರು. "ಹೀಗೂ ಮಾಡುತ್ತಾರೆಯೇ?" ಎಂದು ಕೇಳಿದರು. ಫಲಕದ ಸಾಲನ್ನು ತೋರಿಸಿ, ನಾನೂ ಮಾಡಿದ್ದೇನೆ ಎಂದೆ. ನನಗೆ ಲಿಖಿತ ಎಚ್ಚರಿಕೆ ಬಂದಿದೆ, ಅದಕ್ಕೆ ನಾನು ಅರ್ಹಳೇ. ನೀವು ನಿವೃತ್ತರಾಗಿ ಬಹಳ ಕಾಲವಾದ್ದರಿಂದ ನಿಮ್ಮ ಮೇಲೆ ಏನೂ ಇಲ್ಲ. ಎರಡೂ ಸಾಲುಗಳನ್ನು ತೆಗೆದರು. ಜುಲೈ ಒಂದರಿಂದ ಹದಿನೇಳನೇ ನಿಯಮ ಸರಿಯಾಗಿದೆ. ಬದಲಾವಣೆಗೆ ಕಾರಣ ದಾಖಲಿಸಿ ಎಂದರು. ಟೈಪಿನ ತಪ್ಪು ಎಂದು ಬರೆಯಬಹುದಿತ್ತು, ಸ್ವಪ್ನಿಲ್ ಹಾಗೇ ಸೂಚಿಸಿದ. ನಾನು ನಡೆದದ್ದನ್ನು ಬರೆದೆ, ನಿಮ್ಮ ಹೆಸರು ಹಾಕಿ.

ಗೆದ್ದೆ ಎಂದು ಹೇಳಲಾರೆ. ಹೊಸ ನಿಯಮ ಹಿಂದೆ ಆದ ಕೆಲಸಗಳಿಗೆ ಅನ್ವಯಿಸುವುದಿಲ್ಲ. ನೀವು ಕಳೆದ ಜುಲೈನಲ್ಲೇ ಹೇಳಿದ್ದರೆ, ಪುಸ್ತಕಕ್ಕೆ ಕಾಯದೆ ಒಂದು ತಿದ್ದುಪಡಿಯಲ್ಲೇ ದೀಪಾವಳಿಗೆ ಮೊದಲು ಸಾಲು ಹೋಗಿರುತ್ತಿತ್ತು, ಅಣ್ಣನ ಗೋಡೆ ನಿಂತಿರುತ್ತಿತ್ತು. ಇದಕ್ಕಾಗಿ ನಿಮ್ಮನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ. ನಿಮ್ಮ ಮೇಲಿನ ಗೌರವವೂ ಹೋಗುತ್ತಿಲ್ಲ, ಅದು ಇನ್ನೂ ಕಷ್ಟವಾಗಿದೆ.

ಅಣ್ಣನಿಗೆ ಹೇಳಿದೆ. "ಹಾಗಾದ್ರೆ ತಪ್ಪು ನನ್ನದಲ್ಲ ಅಂತ ಆಯ್ತಲ್ಲ" ಎಂದ. ಗೋಡೆ ವಾಪಸ್ಸು ಕಟ್ಟು ಎಂದರೆ, ನೋಡುವ ಎನ್ನುತ್ತಾನೆ. ಬಾಡಿಗೆಗಿರುವವರು ಕೇಳಿದರೆ ಮಾತ್ರ ಅವನು ಒಪ್ಪಬೇಕಾಗುತ್ತದೆ. ಅವರು ಕೇಳುವುದಿಲ್ಲ. ಪರವಾನಗಿ ಇತ್ತಲ್ಲ ಎನ್ನುತ್ತಾರೆ. ಮಾಲೀಕನ ತಂಗಿ ಹೇಳುವ ಮಾತನ್ನು ಅಣ್ಣತಂಗಿಯರ ಜಗಳವೆಂದು ತಿಳಿದಿದ್ದಾರೆ.

ಮೇಲಿನ ಮೂರು ಮನೆಗಳಲ್ಲಿ ಹನ್ನೊಂದು ಜನ ಇದ್ದಾರೆ. ಹೆಸರುಗಳನ್ನೂ ಕಟ್ಟಡದ ನಕ್ಷೆಯನ್ನೂ ಈ ಕಾಗದದೊಂದಿಗೆ ಇಟ್ಟಿದ್ದೇನೆ. ಇನ್ನು ಮೇಲೆ ನನಗೆ ಬರೆಯಬೇಡಿ, ಅವರಿಗೆ ಬರೆಯಿರಿ. ನಾಗವ್ವನವರಿಗೆ ಕನ್ನಡ ಓದಲು ಬರುತ್ತದೆ, ಅಕ್ಷರ ದಪ್ಪಗಿರಲಿ.

ಜ್ಯೋತ್ಸ್ನಾ


ಮೈಸೂರು
9 ಜುಲೈ 2024

ಶ್ರೀಮತಿ ನಾಗವ್ವ ಅವರಿಗೆ,
ಮೊದಲ ಮಹಡಿ, ಸುಂದರ ಅವರ ಕಟ್ಟಡ, ಭೋಸರಿ

ನಮಸ್ಕಾರ. ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ಮನೆಯ ಕೆಳಗಿನ ಗೋಡೆಯನ್ನು ಯಾರನ್ನೂ ಕೇಳದೆ ಒಡೆಯಬಹುದು ಎಂದು ಸರಕಾರದ ಪುಸ್ತಕದಲ್ಲಿ ಬರೆದವನು ನಾನು. ಅದು ತಪ್ಪೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಯಾರೋ ತಿದ್ದುತ್ತಾರೆ ಎಂದುಕೊಂಡೆ. ಯಾರೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

ಸುಂದರ ಅವರು ನನ್ನ ಮಾತನ್ನು ನಂಬಿ ಒಡೆದರು. ಜ್ಯೋತ್ಸ್ನಾ ನಿಮಗೆ ಹೇಳಿದ್ದು ಪೂರ್ತಿ ನಿಜ. ಆ ಗೋಡೆ ತಿರುಗಿ ಬೇಕು. ಈ ಕಾಗದವನ್ನು ಮೂರೂ ಮನೆಯವರು ಸೇರಿ ಸುಂದರ ಅವರಿಗೆ ತೋರಿಸಿ ಕೇಳಿ. ಅವರು ಒಪ್ಪದಿದ್ದರೆ ತಿಳಿಸಿ, ನಾನು ಬಂದು ಕೇಳುತ್ತೇನೆ. ಉಳಿದ ಎರಡು ಮನೆಗಳಿಗೂ ಬರೆಯುತ್ತಿದ್ದೇನೆ.

ನಿಮಗೆ ಮೊದಲು ಬರೆಯಲು ಕಾರಣವಿದೆ. ಜ್ಯೋತ್ಸ್ನಾ ಕಳಿಸಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಹೋದ ಗೋಡೆಯ ನೇರ ಮೇಲೆ ನಿಮ್ಮ ನಡುಕೋಣೆ ಬರುತ್ತದೆ. ಅದರಲ್ಲಿ 'ಮೊಮ್ಮಕ್ಕಳು, ಮಲಗುವುದು' ಎಂದು ಅವಳು ಸಣ್ಣದಾಗಿ ಬರೆದಿದ್ದಾಳೆ. ಗೋಡೆ ಕಟ್ಟುವವರೆಗೆ ಮಕ್ಕಳ ಹಾಸಿಗೆಯನ್ನು ರಸ್ತೆ ಕಡೆಯ ಕೋಣೆಗೆ, ಬಾಗಿಲ ಹತ್ತಿರಕ್ಕೆ ಹಾಕಿ. ಕಾಗದ ಓದಿದ ಕೂಡಲೇ ಹಾಕಿ ತಾಯಿ.

ಚಲುವರಾಜು